ಪಾಟ್ಟಿಯ ಮನೆಯ ತೊಲೆ

ಫ್ರೆಂಡ್ಸ್, ಬಾಡಿಗೆ ಮನೆ ಕೇಳಲು ಹೋಗಿ ಮನೆಯೊಡತಿಗೇ 'ತೊಲಗು' ಎಂದವರು ಯಾರಾದರೂ ಇದ್ದೀರಾ? ನಾನಿದ್ದೇನೆ!

ಮದುವೆಯಾದ ಮೇಲೆ ನನ್ನ ಮುದ್ದು ಗಂಡ "ಇದನ್ನು ಓದಲೇಬೇಕು ಕಣೇ" ಎಂದು ಕೊಟ್ಟ ಮೊದಲ ಪುಸ್ತಕ ಪ್ರೇಮಕವಿತೆಯಲ್ಲ, ಹಳೇ ಮರದ ಮನೆಗಳ ಬಡಗಿ ಕೆಲಸದ್ದು. ಎಷ್ಟು ಚೆನ್ನಾಗಿದೆ ಗೊತ್ತಾ! ಸೂರು ಹೊರುವ ದಪ್ಪ ಅಡ್ಡಮರಕ್ಕೆ ತೊಲೆ ಎನ್ನುತ್ತಾರೆಂದು ಅದರಿಂದಲೇ ಕಲಿತೆ.

ಹನ್ನೊಂದು ಮನೆ ನೋಡಿ ಸೋತ ಮೇಲೆ ಇವತ್ತು ಮೈಲಾಪೂರಿನ ಈ ಹಳೇ ಮನೆ ಸಿಕ್ಕಿತು. ತಲೆಯೆತ್ತಿದರೆ ಸಾಲುಸಾಲು ತೇಗದ ತೊಲೆ! ಮನೆಯೊಡತಿ ತಮಿಳು ಅಜ್ಜಿ, ಎಲ್ಲರ ಬಾಯಲ್ಲೂ 'ಪಾಟ್ಟಿ', ಕಾಫಿ ಹಿಡಿದು ಬರುವಾಗಲೇ ನಾನು ಕುಣಿದು "ತೊಲೆ! ತೊಲೆ!" ಎಂದು ಕೂಗಿದೆ.

ಪಾಟ್ಟಿ ಅಲ್ಲೇ ನಿಂತರು. "ಎನ್ ವೀಟ್ಟುಲೇಯೇ ಎನ್ನೈ ತೊಲೈಂಗ್ರಿಯಾ?"

ತಮಿಳಿನಲ್ಲಿ 'ತೊಲೈ' ಎಂದರೆ 'ತೊಲಗಿ ಹೋಗು' ಅಂತೆ! ನನ್ನ ಮನೆಯಲ್ಲೇ ನನಗೇ ತೊಲಗು ಅಂತೀಯಾ ಎಂದು ಅವರು ಕೇಳಿದ್ದು.

ಗಂಡ ಗಾಬರಿಯಿಂದ ಸೂರಿಗೆ ಕೈ ತೋರಿಸಿ, "ಕನ್ನಡತ್ಲ ತೊಲೆನ್ನಾ ಉತ್ತಿರಂ ಪಾಟ್ಟಿ, ಅದೋ ಅಂದ ಮರಂ!" ಎಂದು ತೊಲೆಯ ತಮಿಳು ಹೆಸರು ಹೇಳಿದ.

ಪಾಟ್ಟಿ ಮೇಲೆ ನೋಡಿದರು, ನನ್ನನ್ನು ನೋಡಿದರು, ಕಾಫಿ ಚೆಲ್ಲುವಷ್ಟು ನಕ್ಕರು. ಮನೆ ಕೊಟ್ಟರು, ಒಂದೇ ಷರತ್ತಿನ ಮೇಲೆ: ನಾನು ಅವರೊಂದಿಗೆ ಇಂಗ್ಲಿಷ್‌ನಲ್ಲೇ ಮಾತಾಡಬೇಕು.

ಕಾನ್ವೆಂಟಿಗೆ ಸೇರಿಸಿದ್ದಕ್ಕೆ ಥ್ಯಾಂಕ್ಸ್, ಅಪ್ಪಾ!