ಠರಾವು ಪುಸ್ತಕದ ಕೆಂಪು ಹೆಬ್ಬೆಟ್ಟುಗಳು

“ತೆರಿಗೆ ಎಂದೊಡನೆ ಮಂದಿ ಓಡಿದರು, ಕಡೆಗೆ ಪಂಚಾಯಿತಿಯ ಹಿರಿಯ ಸದಸ್ಯರೇ ದೊಡ್ಡ ಮನಸ್ಸು ಮಾಡಿ ಸೈಕಲ್ ದಾರಿ ಕೊಡಿಸಿದರು.” ನಮ್ಮೂರಿಂದ ಮೋರಟಗಿಗೆ ಹೋಗುವ ರಸ್ತೆಯ ಮಗ್ಗುಲಿನ ದಾರಿಯ ಬಗ್ಗೆ ಚಹಾದಂಗಡಿಯಲ್ಲಿ ಹೇಳುವ ಕಥೆ ಇದು. ನಾನು ಒಪ್ಪುವುದಿಲ್ಲ. ಆ ಸಭೆಯಲ್ಲಿ ನಾನಿದ್ದೆ.

ಕಬ್ಬಿನ ಹಂಗಾಮು ಬಂತೆಂದರೆ ಆ ರಸ್ತೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಪಾಲು. ನಮ್ಮ ಓಣಿಯ ಕುರಿಗಾರ ಹೆಣ್ಣುಮಗಳೊಬ್ಬಳ ಮಗಳು ಸೈಕಲ್ ಮೇಲೆ ಹೈಸ್ಕೂಲಿಗೆ ಹೋಗುವಾಗ ಅಂಥದೊಂದಕ್ಕೆ ದಾರಿ ಬಿಡಲು ಹೋಗಿ ತಗ್ಗಿಗೆ ಬಿದ್ದು ಕೈ ಮುರಿದುಕೊಂಡಳು. ಕೈ ಕೂಡಿತು, ಆದರೆ ತಂದೆ, “ಬ್ಯಾರೆ ದಾರಿ ಆಗೂತನಕ ಸಾಲಿ ಬ್ಯಾಡ” ಎಂದುಬಿಟ್ಟ.

ಮನೆ ಕಂದಾಯದ ಮೇಲೆ ಒಂದು ವರ್ಷ ತುಸು ಹೆಚ್ಚಿನ ತೆರಿಗೆ ಹಾಕಿ ದಾರಿ ಮಾಡಿಸಬಹುದೇ ಎಂಬುದನ್ನು ಗ್ರಾಮಸಭೆಯಲ್ಲಿ ಮತದಾರರೇ ತೀರ್ಮಾನಿಸಲಿ ಎಂದು ನಾನು ಪಟ್ಟು ಹಿಡಿದೆ. ಹಿರಿಯ ಸದಸ್ಯರು ನಕ್ಕರು.

“ಹೆಬ್ಬೆಟ್ಟಿನ ಮಂದೀನ ಕೇಳಿ ತೆರಿಗಿ ಹಾಕ್ತೀರೇನ್ರಿ ಮುತ್ಯಾ? ಚಪ್ಲಿ ಬಿಟ್ಟು ಓಡ್ತಾರ.”

“ಓಡಿದ್ರ ಆಮ್ಯಾಲ ನಗ್ರಿ. ಕೇಳೋಕಿಂತ ಮೊದ್ಲ ಹೆಂಗ ಹೇಳ್ತೀರಿ?”

ಊರಿಗೆಲ್ಲ ಮುತ್ಯಾ, ಅಂದರೆ ಅಜ್ಜನಾದರೂ, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಮುಂದಿನದನ್ನೆಲ್ಲ ನನ್ನಷ್ಟಕ್ಕೆ ಓದಿಕೊಂಡೆ. ಖಾಲಿ ಹಾಳೆಗೆ ಸಹಿ ಹಾಕಬಾರದೆಂಬುದನ್ನು ಮಾತ್ರ ಪೆಟ್ಟು ತಿಂದು ಕಲಿತೆ. ನಮ್ಮ ಗ್ರಾಮಸಭೆಯ ರೂಢಿಯಾದರೋ ಅದೇ: ಬಂದವರು ಮೊದಲು ಖಾಲಿ ಹಾಳೆಗೆ ಸಹಿ ಹಾಕಿ, ಚಹಾ ಕುಡಿದು ಹೊಲಕ್ಕೆ ಹೋಗುವುದು, ಠರಾವನ್ನು, ಅಂದರೆ ಸಭೆಯ ನಿರ್ಣಯವನ್ನು, ಆಮೇಲೆ ಮೇಲ್ಗಡೆ ಬರೆದುಕೊಳ್ಳುವುದು. ಅಂದೂ ಪುಸ್ತಕ ಹಾಗೆಯೇ ಬಂತು. ನಾನು ಅದರ ಮೇಲೆ ಅಂಗೈ ಊರಿ ನಿಂತೆ.

“ಮೊದ್ಲ ಬರೀರಿ. ತೆರಿಗಿ ಬೇಕು ಅನ್ನೋರು ಎಡಹಾಳ್ಯಾಗ, ಬ್ಯಾಡ ಅನ್ನೋರು ಬಲಹಾಳ್ಯಾಗ ಸಹಿ ಹಾಕ್ಲಿ.”

ಗುಮಾಸ್ತ ಬರೆದ. ಬರೆದು, “ಇಂಕ್ ಪ್ಯಾಡ್ ಒಣಗೇತ್ರಿ. ಸಹಿ ಬರೋರಷ್ಟ ಬರ್ರಿ” ಎಂದ. ಸದಸ್ಯರ ಮುಖ ಅರಳಿತು. ಅರ್ಧ ಊರು ಅಲ್ಲಿಗೆ ಹೊರಗುಳಿಯಿತು.

ಆ ಕುರಿಗಾರ ತಾಯಿ ಎದ್ದುಹೋಗಿ ಮನೆಯಿಂದ ಒಂದು ಡಬ್ಬಿ ತಂದಳು. ಹಿಂಡಿಗೆ ಗುರುತು ಹಾಕುವ ಕೆಂಪು ಬಣ್ಣ.

“ಏ ಯಕ್ಕಾ, ಇದು ಸರಕಾರಿ ಪುಸ್ತಕ!” ಎಂದ ಗುಮಾಸ್ತ.

“ಸಂತ್ಯಾಗ ನನ್ನ ಕುರಿ ಯಾವ್ದಂತ ಈ ಬಣ್ಣ ನೋಡೇ ಎಲ್ಲಾರೂ ಒಪ್ತಾರ. ನನ್ನ ಮಾತು ಒಪ್ಪಂಗಿಲ್ಲೇನ್ರಿ?”

ಎಡಹಾಳೆಯ ಮೊದಲ ಸಾಲಿನಲ್ಲಿ ಹೆಬ್ಬೆಟ್ಟು ಒತ್ತಿದಳು. ಹಿಂದೆಯೇ ಸಾಲು ನಿಂತಿತು. ಸಹಿ ಬಲ್ಲವರೂ ಬಣ್ಣಕ್ಕೇ ಬೆರಳದ್ದಿದರು; ನಾನೂ ಅದ್ದಿದೆ. ಬಲಹಾಳೆಯಲ್ಲಿ ಬಿದ್ದದ್ದು ಬೆರಳೆಣಿಕೆಯ ಸಹಿ. ಎಡಹಾಳೆ ಮಾತ್ರ ತುಂಬಿಹೋಯಿತು. ಎಲ್ಲರಿಗಿಂತ ಕಡೆಗೆ ಹಿರಿಯ ಸದಸ್ಯರು, ಗಾಳಿ ಎತ್ತ ಬೀಸಿತೆಂದು ನೋಡಿಕೊಂಡು, ಪೆನ್ನು ಹಿಡಿದು ಎಡಹಾಳೆಯತ್ತ ಬಂದರು.

“ಎಲ್ಲಿ ಹಾಕ್ಲಿ ಮುತ್ಯಾ?”

“ಇಲ್ಲಿ ಜಾಗ ಇಲ್ರಿ, ಹಾಳಿ ತಿರುವ್ರಿ.”

ಸಭೆ ಚಪ್ಪಾಳೆ ತಟ್ಟಿ ನಕ್ಕಿತು. ದಾರಿಯಾದ ಮೊದಲ ಬೆಳಿಗ್ಗೆ ಆ ಹುಡುಗಿ ಗಂಟೆ ಬಾರಿಸುತ್ತ ನನ್ನ ಕಟ್ಟೆಯ ಮುಂದೆ ಹಾದುಹೋದಳು.

ಸಂಶಯವಿದ್ದವರು ಪಂಚಾಯಿತಿಗೆ ಹೋಗಿ ಪುಸ್ತಕ ತೆಗೆಸಿ ನೋಡಲಿ. ಮೊದಲ ಹೆಬ್ಬೆಟ್ಟು ಒತ್ತಿದವಳು ಇಂದಿಗೂ ನಮ್ಮ ಓಣಿಯಲ್ಲಿದ್ದಾಳೆ; ಗುರುತೂ ಮಾಸಿಲ್ಲ. ಹಾಳೆ ತಿರುವಿದರೆ ಅಲ್ಲಿ ಒಂದೇ ಒಂದು ನೀಲಿ ಸಹಿ ಇದೆ. ಅದು ಕಡೆಯದು.