ಜೋಲುಬೀಳದ ಕಿವಿಗೆ ಶಾಯಿ ಕಲಸುವ ಅಂಟಕ್ಕ

ಬಿಸಿಲು ಇನ್ನೂ ಕಿಟಕಿ ಹತ್ತಿಲ್ಲ. ಮೂರನೇ ಮಹಡಿಯ ಪ್ರಯೋಗಾಲಯದಲ್ಲಿ ಅಂಟಕ್ಕ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಗಾಜಿನ ಪಾತ್ರೆಯಲ್ಲಿ ನೀರು ಗಿರ್ರನೆ ಸುತ್ತುತ್ತಿದೆ. ಅದರ ಸುಳಿಗೆ ಕಡಲಪಾಚಿಯಿಂದ ತೆಗೆದ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಾರೆ. "ಒಂದೇ ಸಲ ಸುರಿದ್ರೆ ಗಂಟು ಕಟ್ಕೊಳ್ಳುತ್ತೆ. ಆಮೇಲೆ ಯಾರಪ್ಪ ಬಂದ್ರೂ ಬಿಡಿಸೋಕಾಗಲ್ಲ."

ಅವರು ಕಲಸುತ್ತಿರುವುದು ಶಾಯಿ. ಬರೆಯುವುದಕ್ಕಲ್ಲ, ಕಿವಿ ಮುದ್ರಿಸುವುದಕ್ಕೆ. ಪಾಚಿಯ ಪುಡಿ ಪಾಲಿಸ್ಯಾಕರೈಡ್, ಅಂದರೆ ಸಕ್ಕರೆಯಂಥ ಅಣುಗಳು ಸರಪಳಿಯಾಗಿ ಪೋಣಿಸಿಕೊಂಡ ನೈಸರ್ಗಿಕ ಪದಾರ್ಥ. ನೀರಿನಲ್ಲಿ ಲೋಳೆಯಾಗುತ್ತದೆ, ಕ್ಯಾಲ್ಸಿಯಂ ಸೋಕಿದರೆ ಸರಪಳಿಗಳು ಕೈಕೈ ಹಿಡಿದು ಗಟ್ಟಿಯಾಗುತ್ತವೆ. ಜೀವಕೋಶ ಬೆರೆಸಿದ ಈ ಲೋಳೆಯನ್ನು ಯಂತ್ರ ಸೂಜಿಯಿಂದ ಎಳೆಯೆಳೆಯಾಗಿ ಹಿಂಡಿ ಪದರದ ಮೇಲೆ ಪದರ ಕಟ್ಟುತ್ತದೆ. ಶಾಯಿ ತೆಳುವಾದರೆ ಕಿವಿ ಜೋಲುಬೀಳುತ್ತದೆ. ಮಂದವಾದರೆ ಸೂಜಿಯ ಇಕ್ಕಟ್ಟಿನಲ್ಲಿ ಜೀವಕೋಶಗಳು ನುಜ್ಜುಗುಜ್ಜಾಗುತ್ತವೆ.

ಮೊದಲು ಅಂಟಕ್ಕ ಬಟ್ಟೆ ಕಾರ್ಖಾನೆಯಲ್ಲಿ ನೂಲಿಗೆ ಗಂಜಿ ಹಾಕುತ್ತಿದ್ದರು. ಕಾರ್ಖಾನೆ ಮುಚ್ಚಿತು, ಇಲ್ಲಿ ಗಾಜು ತೊಳೆಯಲು ಸೇರಿದರು. ಸಂಶೋಧಕಿ ಡಾಕ್ಟ್ರಮ್ಮ ಕಲಸುವುದನ್ನು ಕಲಿಸಿದರು. ಈಗ ದಿನಕ್ಕೆ ಅರ್ಧ ಲೀಟರ್ ಶಾಯಿ, ಅದಕ್ಕಾಗಿ ನಾಲ್ಕು ತಾಸು ನಿಂತೇ ಕಲಸಬೇಕು. "ನಮ್ಮ ಯಜಮಾನ್ರಿಗೆ ಹುಟ್ಟಿದಾಗಿನಿಂದ ಎರಡು ಕಿವಿ ಇವೆ, ಒಂದರಲ್ಲೂ ನನ್ ಮಾತು ಇಳಿಯಲ್ಲ. ಹೊಸದ್ಯಾಕೆ ಮಾಡ್ತೀರಿ ಅಂತ ಮೊದಲ ದಿನಾನೇ ಕೇಳಿದ್ದೆ," ಎಂದು ನಗುತ್ತಾರೆ.

ಇವತ್ತು ನಗು ಸ್ವಲ್ಪ ಬಿಗಿ. ಹುಟ್ಟಿನಿಂದ ಕಿವಿಯಿಲ್ಲದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಮುದ್ರಣ ನೋಡಲು ಬರುತ್ತಿದ್ದಾರೆ. ಕಿವಿ ನೆಟ್ಟಗೆ ನಿಂತರೆ ಮುಂದಿನ ಪರೀಕ್ಷೆ. ಇಲ್ಲವಾದರೆ ಇಷ್ಟು ದಿನದ ಕೆಲಸ ಇಲ್ಲಿಗೇ ನಿಲ್ಲುತ್ತದೆ. ಹೋದ ಸಲ ಅವರೆದುರೇ ಕಿವಿ ಮಲಗಿಬಿಟ್ಟಿತ್ತು.

ಅತಿಥಿ ಬರುವ ಹುರುಪಿಗೆ ಅಂಟಕ್ಕ ತೊಳೆದಿಟ್ಟ ಸೂಜಿಯನ್ನೇ ಮತ್ತೆ ತೊಳೆಯುತ್ತಾರೆ. ಕೈಗೆ ಸಿಕ್ಕ ಸೀಸೆಯಲ್ಲಿರುವುದು ಶುದ್ಧ ನೀರಲ್ಲ, ಗಟ್ಟಿಮಾಡುವ ಕ್ಯಾಲ್ಸಿಯಂ ನೀರು. ಕಣ್ಣಿಗೆ ಎರಡೂ ಒಂದೇ. ಯಂತ್ರ ಶುರು ಮಾಡಿದೊಡನೆ ಶಾಯಿ ಸೂಜಿಯೊಳಗೇ ಹೆಪ್ಪುಗಟ್ಟುತ್ತದೆ. ಯಂತ್ರ ತಿಣುಕುತ್ತದೆ, ನಿಲ್ಲುತ್ತದೆ, ಮತ್ತೆ ತಿಣುಕಿ ಅರ್ಧ ಶಾಯಿಯನ್ನು ಲೊಳಕ್ಕನೆ ತಟ್ಟೆಗೆ ಉಗುಳುತ್ತದೆ.

"ಏನಕ್ಕಾ, ಕಿವಿ ಕೇಳಿದ್ರೆ ನೆಗಡಿ ಕೊಟ್ಟಿದ್ದೀಯಲ್ಲ!" ಯಂತ್ರ ನಡೆಸುವವನು ತಲೆ ಚಚ್ಚಿಕೊಳ್ಳುತ್ತಾನೆ.

"ತಪ್ಪು ನಂದೇ. ಬಾಯ್ಮುಚ್ಕೊಂಡು ಬೇರೆ ಸೂಜಿ ಹಾಕಪ್ಪಾ."

"ಉಳಿದಿರೋದು ದೊಡ್ಡ ಕಿವಿಗೆ ಸಾಲಲ್ಲ ಕಣ್ರೀ," ಡಾಕ್ಟ್ರಮ್ಮನ ದನಿ ಉಡುಗಿದೆ.

"ಚಿಕ್ಕದೇ ಮಾಡಿ ಮೇಡಂ. ಮಕ್ಕಳಿಗೆ ತಾನೇ? ಆನೆ ಕಿವಿ ಯಾಕೆ?" ಎನ್ನುತ್ತಾರೆ ಅಂಟಕ್ಕ.

ಡಾಕ್ಟ್ರಮ್ಮ ಯಂತ್ರದಲ್ಲಿ ಕಿವಿಯ ಅಳತೆ ಇಳಿಸುತ್ತಾರೆ. ಭಾರ ಕಡಿಮೆಯಾದರೆ ಜೋಲುವುದೂ ಕಡಿಮೆಯೇ.

ವೈದ್ಯರು ಬರುತ್ತಾರೆ. ಅವರೆದುರೇ ಯಂತ್ರ ಚಿಕ್ಕ ಕಿವಿಯನ್ನು ಮುದ್ರಿಸಿ ಮುಗಿಸುತ್ತದೆ, ಕ್ಯಾಲ್ಸಿಯಂ ನೀರು ಅದನ್ನು ಗಟ್ಟಿಮಾಡುತ್ತದೆ. ಇಕ್ಕಳದಿಂದ ಕಿವಿಯ ಅಂಚನ್ನು ಮೆಲ್ಲಗೆ ಬಗ್ಗಿಸಿ ಬಿಡುತ್ತಾರೆ. ಅದು ಎದ್ದು ನಿಲ್ಲುತ್ತದೆ. ಮತ್ತೊಮ್ಮೆ ಬಗ್ಗಿಸುತ್ತಾರೆ. ಮತ್ತೆ ಎದ್ದು ನಿಲ್ಲುತ್ತದೆ. "ಹ್ಞೂಂ. ಮುಂದಿನ ಪರೀಕ್ಷೆ ಶುರು ಮಾಡಿ."

ಎಲ್ಲರೂ ಒಟ್ಟಿಗೆ ಉಸಿರು ಬಿಡುವ ಹೊತ್ತಿಗೆ ಅಂಟಕ್ಕ ತೊಟ್ಟಿಯ ಬಳಿ ಪಾತ್ರೆ ಉಜ್ಜುತ್ತಿದ್ದಾರೆ. ಏನಾದರೂ ಆಸೆಯಿದೆಯೇ ಎಂದರೆ ಕೈ ಒರೆಸಿಕೊಂಡು ನಾಚುತ್ತಾರೆ.

"ಯಾವುದಾದ್ರೂ ಮಗುಗೆ ಇದನ್ನ ಹಾಕಿದ್ಮೇಲೆ ಒಂದ್ಸಲ ದೂರದಿಂದ ನೋಡ್ಬೇಕು. ನಾನೇ ಕಲಸಿದ್ದು ಅಂತೆಲ್ಲ ಹೇಳ್ಕೊಳ್ಳಲ್ಲಪ್ಪ. ಓಡಾಡುವಾಗ ಆ ಕಿವಿ ಮೇಲಿಂದ ಕನ್ನಡಕ ಜಾರುತ್ತೋ ಇಲ್ವೋ, ಅಷ್ಟು ನೋಡ್ಕೊಂಡು ಮನೆಗೆ ಹೋಗ್ತೀನಿ."