ಬಾಟಲಿಗೆ ಇಟ್ಟ ಕಿವಿ

ನಮ್ಮ ಮೇಡಂ ಎಡಗಿವಿಗೆ ಮಾತ್ರ ಓಲೆ ಹಾಕುತ್ತಿದ್ದರು. ಬಲಗಿವಿ ಬೋಳು. ಹಲಸೂರಿನ ಮನೆಯಿಂದ ಲ್ಯಾಬಿಗೆ ಬರುವಾಗ ಬಸ್ಸಿನಲ್ಲಿ ಯಾರಾದರೂ ಹೆಂಗಸರು, "ಒಂದು ಓಲೆ ಬಿದ್ದೋಗಿದೆ ನೋಡಿ," ಅಂದರೆ, "ಬ್ಯಾಗಲ್ಲಿದೆ ಕಣಮ್ಮ," ಅನ್ನುತ್ತಿದ್ದರು. ಬಲಗಿವಿ ಕೆಲಸದ ಕಿವಿ. ಅದನ್ನು ಗಾಜಿನ ಬಾಟಲಿಗೆ ಒತ್ತಿ, ಒಳಗೆ ಗುಳ್ಳೆ ಏಳುವ ಸದ್ದು ಕೇಳುತ್ತಿದ್ದರು. ಗ್ಯಾಸ್ ಅಳೆಯುವುದಕ್ಕೆ ಮೆಷಿನ್ ಇತ್ತು. ಆದರೂ ಮೊದಲು ಕಿವಿ, ಆಮೇಲೆ ಮೆಷಿನ್.

ಸಿ.ವಿ. ರಾಮನ್ ನಗರದ ಆ ಸಣ್ಣ ಲ್ಯಾಬಿಗೆ ನಾನು ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಸೇರಿದವಳು. ರಾಯಚೂರು ಕಡೆಯವರು ನಾವು, ಕೆ.ಆರ್. ಪುರದಲ್ಲಿ ಬಾಡಿಗೆ ರೂಮು. ಬಾಟಲಿಯಲ್ಲಿರುವುದು ನೀರಲ್ಲಿ ಕದಡಿದ ಮನುಷ್ಯರ ಮಲ ಎಂದು ತಿಳಿದ ದಿನ ಮೂಗು ಮುಚ್ಚಿಕೊಂಡು, "ಹೇಸಿಗಿ ಬರ್ತದ್ರಿ ಮೇಡಂ," ಅಂದೆ. ಅವರು ಬೈಯಲಿಲ್ಲ. "ಬರಲಿ. ಆದ್ರೆ ಅವುಗಳ ಮುಂದೆ ಅನ್ಬೇಡ, ಊಟಕ್ಕೆ ಕೂತಿವೆ," ಅಂದರು.

ಆಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು. ಈರುಳ್ಳಿ, ಬೆಳ್ಳುಳ್ಳಿ, ಬಾಳೆಕಾಯಿಯಂಥವುಗಳಲ್ಲಿರುವ ಕೆಲವು ನಾರು, ಪಿಷ್ಟ ನಮ್ಮಿಂದ ಜೀರ್ಣವಾಗುವುದಿಲ್ಲ, ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ. ಗಾಳಿಯಿಲ್ಲದ ಆ ಕತ್ತಲಲ್ಲಿ ಬ್ಯಾಕ್ಟೀರಿಯಾಗಳು ಅವನ್ನು ಒಡೆದು ತಿನ್ನುತ್ತವೆ. ದೋಸೆ ಹಿಟ್ಟು ಹುದುಗುವ ಹಾಗೆ ಗ್ಯಾಸ್ ಏಳುತ್ತದೆ, ಹುಳಿ ಬಿಡುತ್ತದೆ. ಆ ಹುಳಿ ಆಮ್ಲಗಳಲ್ಲಿ ಒಂದು ಕರುಳಿನ ಗೋಡೆಗೇ ಆಹಾರ. "ನಾವು ಅವಕ್ಕೆ ಹಾಕ್ತೀವಿ, ಅವು ನಮಗೆ ಹಾಕ್ತವೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಬಾಟಲಿಗಳಿಗೆಲ್ಲ ನಾರಿನ ಪುಡಿ ಬೀಳುವವರೆಗೆ ತಮ್ಮ ಊಟದ ಡಬ್ಬಿ ಬಿಚ್ಚುತ್ತಿರಲಿಲ್ಲ. ಊರಿಂದ ನಮ್ಮವ್ವ ಕಳಿಸಿದ ಜೋಳದ ರೊಟ್ಟಿಯಲ್ಲಿ ಅರ್ಧ ಕಿತ್ತುಕೊಂಡು, "ಇದು ನಂಗಲ್ಲ, ಒಳಗಿರೋರಿಗೆ," ಅನ್ನುತ್ತಿದ್ದರು.

ಸ್ಯಾಂಪಲ್ ಕೊಡಲು ಜನ ನಾಚಿದರೆ ತಮ್ಮದನ್ನೇ ತರುತ್ತಿದ್ದರು. ಮೈ ಚೆನ್ನಾಗಿದ್ದ ಕಾಲದ್ದನ್ನು ಒಂದಿಷ್ಟು, ಬ್ಯಾಕ್ಟೀರಿಯಾ ಸಾಯದಿರಲೆಂದು ಗ್ಲಿಸರಿನ್ ಬೆರೆಸಿ, ಡೀಪ್ ಫ್ರೀಜರಿನಲ್ಲಿ ಇಟ್ಟಿದ್ದರು. ಬಳಸಿ ಬಳಸಿ ಒಂದೇ ಟ್ಯೂಬು ಉಳಿದಿತ್ತು.

ಆಮೇಲೆ ಕ್ಯಾನ್ಸರ್ ಬಂತು. ಕೀಮೋ, ಸೋಂಕು, ಒಂದರ ಹಿಂದೊಂದು ಆ್ಯಂಟಿಬಯಾಟಿಕ್. ಆ ಔಷಧಿ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಬಿಡುವುದಿಲ್ಲ. ಅದರ ನಡುವೆಯೇ ಒಂದು ಬೆಳಿಗ್ಗೆ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಂದು, ಸ್ಯಾಂಪಲ್ ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ನಂದೇ. ನಾರು ಹಾಕಿಡು, ನಾಳೆ ಬರ್ತೀನಿ." ಮರುದಿನ ಬಾಟಲಿಗೆ ಕಿವಿ ಇಟ್ಟು ಬಹಳ ಹೊತ್ತು ನಿಂತರು. ನಾನು ಆಗಲೇ ಮೆಷಿನ್ ನೋಡಿದ್ದೆ, ಗ್ಯಾಸ್ ಎದ್ದಿರಲಿಲ್ಲ. "ಯಾರೂ ಇಲ್ಲ ಕಣೆ," ಅಂದರು. ನೋವಿಗೆ ಅಳದವರು ಅವತ್ತು ಅತ್ತರು. ನನಗೂ ತಡೆಯಲಾಗಲಿಲ್ಲ.

ಕೊನೆಯ ಸಲ ಆಸ್ಪತ್ರೆಯಲ್ಲಿ ಕಂಡಾಗ ನನ್ನ ಕೈ ಹಿಡಿದು, "ಫ್ರೀಜರಲ್ಲಿರೋದನ್ನ ಎಬ್ಬಿಸು," ಅಂದರು.

"ಅದೊಂದೇ ಉಳಿದದ್ರಿ ಮೇಡಂ. ಏಳಲಿಲ್ಲಂದ್ರ?"

"ಏಳ್ದಿದ್ರೆ ಹಾಗೇ ಹೇಳು. ಎದ್ರೆ ಫೋನನ್ನ ಬಾಟಲಿಗೆ ಹಿಡಿ. ಒಂದ್ಸಲ ಕೇಳ್ಬೇಕು ನಂಗೆ."

ಅಂದೇ ಟ್ಯೂಬು ಕರಗಿಸಿ, ಗಾಳಿ ತೆಗೆದ ಬಾಟಲಿಗೆ ಹಾಕಿ, ಮೈ ಬಿಸಿಯಷ್ಟು ಶಾಖದಲ್ಲಿಟ್ಟೆ. ಈರುಳ್ಳಿಯ ನಾರನ್ನೂ ಹಾಕಿದೆ. ಮರುದಿನ ಬೆಳಿಗ್ಗೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ನಿಂತಿದ್ದಾಗ ಅವರ ಮಗಳ ಫೋನು ಬಂತು. "ಅಮ್ಮ ಹೋಗ್ಬಿಟ್ರು ಅಕ್ಕ."

ಅವರ ಮನೆಗೆ ಹೋಗುವ ಮೊದಲು ನಾನು ಲ್ಯಾಬಿಗೆ ಹೋದೆ. ಸರಿಯೋ ತಪ್ಪೋ ಗೊತ್ತಿಲ್ಲ. ಬಲಗಿವಿಯ ಓಲೆ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು, ಬಾಟಲಿಗೆ ಕಿವಿ ಒತ್ತಿದೆ. ಮೊದಲು ನನ್ನ ಎದೆಬಡಿತವೇ ಕೇಳಿತು. ಆಮೇಲೆ ಸಣ್ಣಗೆ, ಬಿಟ್ಟು ಬಿಟ್ಟು, ಗುಳ್ಳೆ ಏಳುವ ಸದ್ದು. ಅವರು ಸಾಕಿದವು ಉಣ್ಣುತ್ತಿದ್ದವು. ಫೋನನ್ನು ಬಾಟಲಿಗೆ ಹಿಡಿದು ರೆಕಾರ್ಡ್ ಮಾಡಿಕೊಂಡೆ.

ಹಲಸೂರಿನಲ್ಲಿ ಅವರನ್ನು ಎತ್ತುವ ಮೊದಲು, ನೆಂಟರೆಲ್ಲ ನೋಡುತ್ತಿದ್ದಂತೆ, ಆ ಫೋನನ್ನು ಅವರ ಬಲಗಿವಿಗೆ ಹಿಡಿದೆ. ಯಾರೋ ಗದರಲು ಬಂದರು. ಮಗಳು ತಡೆದಳು.

ನನ್ನ ಓಲೆ ಇವತ್ತಿಗೂ ಬ್ಯಾಗಿನಲ್ಲೇ ಇದೆ. ಬಸ್ಸಿನಲ್ಲಿ ಕೇಳಿದವರಿಗೆ ಹಾಗೇ ಹೇಳುತ್ತೇನೆ.